ಖುಕ್ರಿಯ ಕಪ್ತಾನ ಮಹೇಂದ್ರನಾಥ ಮುಲ್ಲಾ

1971ರ ಭಾರತ–ಪಾಕಿಸ್ತಾನ ಯುದ್ಧದಲ್ಲಿ ಭಾರತೀಯ ನೌಕಾಪಡೆ ಕಳೆದುಕೊಂಡ ಏಕೈಕ ಯುದ್ಧನೌಕೆ ಐಎನ್‌ಎಸ್ ಖುಕ್ರಿ. ಡಿಸೆಂಬರ್ 9ರ ರಾತ್ರಿ ದಿಯು ತೀರದಿಂದ ಸುಮಾರು 40 ನಾಟಿಕಲ್ ಮೈಲಿ, ಅಂದರೆ 74 ಕಿಲೋಮೀಟರಿನಷ್ಟು ದೂರದ ಅರಬ್ಬಿ ಸಮುದ್ರದಲ್ಲಿ, ಪಾಕಿಸ್ತಾನದ ಜಲಾಂತರ್ಗಾಮಿ ಹಂಗೋರ್ ಹಾರಿಸಿದ ಟಾರ್ಪೆಡೊ, ಎಂದರೆ ನೀರೊಳಗೇ ಸಾಗಿ ಗುರಿಯ ಬಳಿ ಸಿಡಿಯುವ ಅಸ್ತ್ರ, ತಗುಲಿ ಕೆಲವೇ ನಿಮಿಷಗಳಲ್ಲಿ ಅದು ಮುಳುಗಿತು. 18 ಅಧಿಕಾರಿಗಳೂ 176 ನಾವಿಕರೂ ಅದರೊಂದಿಗೆ ಜಲಸಮಾಧಿಯಾದರು.

ಖುಕ್ರಿ ಜಲಾಂತರ್ಗಾಮಿಗಳನ್ನು ಬೇಟೆಯಾಡಲೆಂದೇ ಬ್ರಿಟನ್ನಿನಲ್ಲಿ ಕಟ್ಟಿದ ಫ್ರಿಗೇಟ್ ವರ್ಗದ ಹಡಗು. ಆದರೆ ನೀರಿಗೆ ಧ್ವನಿತರಂಗ ಬಿಟ್ಟು, ಮರಳಿ ಬರುವ ಪ್ರತಿಧ್ವನಿಯಿಂದ ಶತ್ರುವಿನ ನೆಲೆ ತಿಳಿಯುವ ಅದರ ಸೋನಾರ್ ಹಳೆಯದಾಗಿತ್ತು. ಫ್ರಾನ್ಸಿನಲ್ಲಿ ನಿರ್ಮಾಣವಾದ ಹಂಗೋರ್‌ನ ಸೋನಾರ್ ಅದಕ್ಕಿಂತ ಬಹುದೂರದಿಂದಲೇ ಹಡಗುಗಳನ್ನು ಗುರುತಿಸಬಲ್ಲದಾಗಿತ್ತು. ಈ ಕೊರತೆಯನ್ನು ತುಂಬಲು ರೂಪಿಸಿದ ಹೊಸ ಉಪಕರಣವೊಂದರ ಪರೀಕ್ಷೆ ಖುಕ್ರಿಯಲ್ಲಿ ನಡೆದಿದ್ದರಿಂದ ಹಡಗು ನಿಧಾನವಾಗಿ ಚಲಿಸುತ್ತಿತ್ತು. ಬೇಟೆಗೆ ಹೊರಟ ಹಡಗೇ ಬೇಟೆಯಾದುದಕ್ಕೆ ಸಿಬ್ಬಂದಿಯ ಶೌರ್ಯದ ಕೊರತೆ ಕಾರಣವಲ್ಲ, ಸಲಕರಣೆಯ ಕೊರತೆ ಕಾರಣ ಎಂಬುದನ್ನು ಒತ್ತಿ ಹೇಳಲೇಬೇಕು.

ಹಡಗಿನ ಕಮಾಂಡಿಂಗ್ ಅಧಿಕಾರಿ ಮಹೇಂದ್ರನಾಥ ಮುಲ್ಲಾ 1926ರಲ್ಲಿ ಗೋರಖಪುರದಲ್ಲಿ ಜನಿಸಿ, 1948ರಲ್ಲಿ ಅಧಿಕಾರಿಯಾಗಿ ನಿಯುಕ್ತರಾದವರು. ಹಡಗಿನೊಂದಿಗೇ ಮುಳುಗಿದ ಕಪ್ತಾನರೆಂದು ಜನಮನದಲ್ಲಿ ನೆಲೆಸಿರುವ ಅವರನ್ನು ಯಾವುದೋ ಪುರಾತನ ಕಡಲ ಸಂಪ್ರದಾಯಕ್ಕೆ ಆತ್ಮಾರ್ಪಣೆ ಮಾಡಿಕೊಂಡವರಂತೆ ಚಿತ್ರಿಸುವುದುಂಟು. ಆದರೆ ಮರಣೋತ್ತರವಾಗಿ ನೀಡಿದ ಮಹಾವೀರ ಚಕ್ರದ ಪ್ರಶಸ್ತಿಪತ್ರ ಹೇಳುವುದು ಕೆಲಸದ ಕಥೆಯನ್ನು: ಹಡಗು ಉಳಿಯದೆಂದು ಖಚಿತವಾದೊಡನೆ ಎಲ್ಲರೂ ಅದನ್ನು ತೊರೆಯಲೆಂದು ನಿರ್ಧರಿಸಿ, ಶಾಂತಚಿತ್ತರಾಗಿ ರಕ್ಷಣಾ ಕಾರ್ಯವನ್ನು ನಡೆಸಿ, ತಮ್ಮ ಜೀವರಕ್ಷಕ ಸಾಧನವನ್ನು ನಾವಿಕನೊಬ್ಬನಿಗೆ ಕೊಟ್ಟು, ಆದಷ್ಟು ಜನರನ್ನು ಹೊರಗೆ ಕಳುಹಿಸಿದ ಮೇಲೆ, ಇನ್ನೇನು ಮಾಡಲು ಸಾಧ್ಯವೆಂದು ನೋಡಲು ಅವರು ಬ್ರಿಜ್‌ಗೆ, ಅಂದರೆ ಹಡಗನ್ನು ನಡೆಸುವ ಮೇಲಂತಸ್ತಿಗೆ, ಮರಳಿದರು. ಸಾವನ್ನು ಅರಸಿ ಹೋದವರ ನಡೆ ಇದಲ್ಲ. ಕರ್ತವ್ಯ ಇನ್ನೂ ಮುಗಿದಿಲ್ಲವೆಂದು ತಿಳಿದವರ ನಡೆ, ಮತ್ತು ಅವರ ಹಿರಿಮೆಯೂ ಇಲ್ಲಿಯೇ ಇದೆ.

ಮರುದಿನ ಐಎನ್‌ಎಸ್ ಕಛಲ್ ಮುಂತಾದ ಹಡಗುಗಳು ಬದುಕುಳಿದವರನ್ನು ಎತ್ತಿಕೊಂಡವು.

ಕಡಲಲ್ಲಿ ಕಳೆದುಹೋದವರಿಗೆ ಚಿತೆಯೂ ಇಲ್ಲ, ಗೋರಿಯೂ ಇಲ್ಲವಾದ್ದರಿಂದ ಸ್ಮರಣೆಗೆ ಬೇರೆ ನೆಲೆ ಬೇಕಾಗುತ್ತದೆ. ದಿಯುವಿನ ಚಕ್ರತೀರ್ಥ ಕಡಲತೀರದ ದಿಬ್ಬದ ಮೇಲೆ, ಗಾಜಿನ ಆವರಣದೊಳಗೆ ಖುಕ್ರಿಯ ಮಾದರಿಯನ್ನಿರಿಸಿದ ಸ್ಮಾರಕ 1999ರಲ್ಲಿ ಉದ್ಘಾಟನೆಯಾಯಿತು. ನೌಕಾಪಡೆಯ ಮತ್ತೊಂದು ಪದ್ಧತಿಯೆಂದರೆ ಅಳಿದ ಹಡಗಿನ ಹೆಸರನ್ನು ಹೊಸ ಹಡಗಿಗೆ ಇಡುವುದು. ಅದರಂತೆ 1989ರಲ್ಲಿ ಸೇವೆಗೆ ಸೇರಿದ ಕಾರ್ವೆಟ್, ಎಂದರೆ ಫ್ರಿಗೇಟಿಗಿಂತ ಚಿಕ್ಕ ಯುದ್ಧನೌಕೆ, ಖುಕ್ರಿಯೆಂಬ ಹೆಸರನ್ನೇ ಹೊತ್ತು 2021ರ ಡಿಸೆಂಬರ್‌ನಲ್ಲಿ ನಿವೃತ್ತಿಯಾಯಿತು. ಮರುತಿಂಗಳು ಅದನ್ನು ವಸ್ತುಸಂಗ್ರಹಾಲಯವಾಗಿಸಲೆಂದು ದಿಯು ಆಡಳಿತಕ್ಕೆ ಒಪ್ಪಿಸಲಾಯಿತು.