ಹೊರ್ತಿ–ಇಂಡಿ ಪ್ರದೇಶದ ಉಪ್ಪಿನಕಾಯಿ ಮತ್ತು ಹಿಂಡಿಗಳ ಗೃಹೋದ್ಯೋಗ: ಒಂದು ಐತಿಹಾಸಿಕ ವಿವೇಚನೆ

೧

ವಿಜಯಪುರ ಜಿಲ್ಲೆಯ ಹೆಸರನ್ನೆತ್ತಿದೊಡನೆ ಇತಿಹಾಸದ ವಿದ್ಯಾರ್ಥಿಗೆ ನೆನಪಾಗುವುದು ಗೋಲಗುಮ್ಮಟ, ಇಬ್ರಾಹಿಂ ರೋಜಾ ಮತ್ತು ಮಲಿಕ್-ಎ-ಮೈದಾನ್ ತೋಪು. ಆದಿಲಶಾಹಿ ಅರಸರ ಯುದ್ಧಗಳನ್ನೂ ಕಟ್ಟಡಗಳನ್ನೂ ಕುರಿತು ವಿದ್ವಾಂಸರು ಹೇರಳವಾಗಿ ಬರೆದಿದ್ದಾರೆ. ಆದರೆ ಈ ಜಿಲ್ಲೆಯ ಹಳ್ಳಿಗಳಲ್ಲಿ ಜನರು ವರ್ಷವಿಡೀ ಜೋಳದ ರೊಟ್ಟಿಯೊಡನೆ ಏನನ್ನು ಉಂಡರು, ಅದನ್ನು ಸಿದ್ಧಪಡಿಸಿದವರು ಯಾರು, ಮನೆಯ ಭರಣಿಯಲ್ಲಿದ್ದ ಆ ಪದಾರ್ಥವು ಪೇಟೆಯ ಸರಕಾದದ್ದು ಯಾವಾಗ ಎಂಬ ಪ್ರಶ್ನೆಗಳನ್ನು ಕೇಳಿದವರು ವಿರಳ. ಅಡಿಗೆಮನೆಯ ಸಂಗತಿಯು ಇತಿಹಾಸದ ವಿಷಯವಾಗಲಾರದೆಂಬ ಭಾವನೆಯೇ ಇದಕ್ಕೆ ಕಾರಣವಾಗಿರಬೇಕು. ಆ ಭಾವನೆ ಸರಿಯಲ್ಲವೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಇಂಡಿ ತಾಲ್ಲೂಕಿನ ಹೊರ್ತಿಯು ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿದೆ. ರೇವಣಸಿದ್ಧೇಶ್ವರನ ಕ್ಷೇತ್ರವೆಂದು ಸುತ್ತಲಿನ ಜನರಿಗೆ ಪರಿಚಿತವಾದ ಊರು. ಸುತ್ತಮುತ್ತ ಜೋಳದ ಹೊಲಗಳು, ಬಾವಿಯ ನೀರುಳ್ಳಲ್ಲಿ ನಿಂಬೆಯ ತೋಟಗಳು. ಮಳೆ ಕಡಿಮೆ, ಇದ್ದ ಮಳೆಯೂ ನಂಬಿಕೆಗೆ ಅರ್ಹವಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಿಗೆಲ್ಲ ಸಾಮಾನ್ಯವಾದ ಲಕ್ಷಣವಿದು. ಇಲ್ಲಿನ ಉಪ್ಪಿನಕಾಯಿ, ರಂಜಕ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸೆ ಹಿಂಡಿಗಳನ್ನು ನಾಲಗೆಯ ಚಪಲದಿಂದ ಹುಟ್ಟಿದವುಗಳೆಂದು ಎಣಿಸಿದರೆ ಅವುಗಳ ಚರಿತ್ರೆ ಅರ್ಥವಾಗುವುದಿಲ್ಲ. ಅವು ಮೊದಲು ಬರದ ವಿರುದ್ಧ ಮಾಡಿಕೊಂಡ ಸಂಗ್ರಹ; ಆಮೇಲೆ ವ್ಯಾಪಾರದ ವಸ್ತು.

೨

ಆಹಾರವನ್ನು ಕೆಡದಂತೆ ಇಡುವ ವಿದ್ಯೆ ಕನ್ನಡ ನಾಡಿನಲ್ಲಿ ಪ್ರಾಚೀನವಾದುದು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಸುಮಾರು ೧೦೨೫ರಲ್ಲಿ, ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಪಾಕಶಾಸ್ತ್ರಕ್ಕೂ ಸ್ಥಾನ ದೊರೆತಿದೆ. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಸ್ವತಂತ್ರ ಗ್ರಂಥವನ್ನೇ ಬರೆದನು. ೧೫೯೪ರ ಗುರುಲಿಂಗ ದೇಶಿಕನ ‘ಲಿಂಗಪುರಾಣ’ದಲ್ಲಿ ಸುಮಾರು ಐವತ್ತು ಬಗೆಯ ಉಪ್ಪಿನಕಾಯಿಗಳ ಪ್ರಸ್ತಾಪವಿರುವುದನ್ನು ಆಹಾರ ಚರಿತ್ರಕಾರರಾದ ಕೆ. ಟಿ. ಅಚ್ಚಯ ಅವರು ಎತ್ತಿ ತೋರಿಸಿದ್ದಾರೆ.

ಆದರೆ ಇಂದು ನಾವು ‘ಸಾಂಪ್ರದಾಯಿಕ’ವೆನ್ನುವ ಪದಾರ್ಥಗಳೆಲ್ಲವೂ ಅಷ್ಟು ಹಳೆಯವಲ್ಲವೆಂಬುದನ್ನು ಗಮನಿಸಬೇಕು. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಪೋರ್ತುಗೀಜರ ಮೂಲಕ ಹದಿನಾರನೆಯ ಶತಮಾನದಲ್ಲಿ ಪಶ್ಚಿಮ ಕರಾವಳಿಗೆ ಬಂದಿತು. ಅದಕ್ಕೆ ಮೊದಲು ಖಾರವೆಂದರೆ ಕರಿಮೆಣಸು, ಶುಂಠಿ, ಹಿಪ್ಪಲಿ. ಶೇಂಗಾ ಕೂಡ ಅಮೆರಿಕದ್ದೇ. ದಖ್ಖಣದ ಹೊಲಗಳಲ್ಲಿ ಅದರ ಬೇಸಾಯ ವಿಸ್ತಾರವಾಗಿ ಹರಡಿದ್ದು ಹತ್ತೊಂಬತ್ತನೆಯ ಶತಮಾನದಿಂದೀಚೆಗೆ. ಗುರೆಳ್ಳು, ಅಗಸೆಗಳ ಹಿಂಡಿ ಹಿರಿಯದು. ಶೇಂಗಾ ಹಿಂಡಿ ಕಿರಿಯದು. ಹಣ್ಣು ಮೆಣಸಿನಕಾಯಿಯನ್ನು ಉಪ್ಪು, ಬೆಳ್ಳುಳ್ಳಿ, ನಿಂಬೆರಸಗಳೊಡನೆ ಅರೆದು ಮಾಡುವ ರಂಜಕದ ಹೆಸರೂ ಕುತೂಹಲಕರ. ತೋಪಿನ ಕಿವಿಗೆ ಹಾಕುವ ಮದ್ದಿಗೆ ರಂಜಕವೆಂದು ಹೆಸರು. ತೋಪುಗಳಿಗೆ ಪ್ರಸಿದ್ಧವಾದ ಸೀಮೆಯಲ್ಲಿ ನಾಲಗೆಗೆ ಕಿಡಿ ಹಚ್ಚುವ ವ್ಯಂಜನಕ್ಕೆ ಜನರು ಆ ಹೆಸರನ್ನೇ ಇಟ್ಟಿರಬಹುದೆಂದು ಊಹಿಸಲು ಆಸ್ಪದವಿದೆ. ಹೀಗೆ ಸಂಪ್ರದಾಯವೆಂಬುದು ನಿಂತ ನೀರಾಗಿರಲಿಲ್ಲ. ಈ ಸೀಮೆಯ ಸ್ತ್ರೀಯರು ಹೊಸ ಬೆಳೆಯನ್ನು ಹಳೆಯ ಕ್ರಮಕ್ಕೆ ಒಗ್ಗಿಸುತ್ತಲೇ ಬಂದರು.

೩

ಮಳೆ ತಪ್ಪಿದ ವರ್ಷ ಮೊದಲು ಮಾಯವಾಗುವುದು ಕಾಯಿಪಲ್ಯ. ಹಗೇವಿನಲ್ಲಿ ಹಿಂದಿನ ಸುಗ್ಗಿಯ ಜೋಳವಿದ್ದರೂ ಬರಿಯ ರೊಟ್ಟಿ ಗಂಟಲಿಳಿಯದು. ಆಗ ಒಣ ರೊಟ್ಟಿಗೆ ಜೊತೆಯಾಗುತ್ತಿದ್ದುದು ಹಿಂಡಿ ಮತ್ತು ಉಪ್ಪಿನಕಾಯಿ. ಹುರಿದ ಎಣ್ಣೆಕಾಳನ್ನು ಖಾರ, ಉಪ್ಪು, ಬೆಳ್ಳುಳ್ಳಿಗಳೊಡನೆ ಒರಳಿನಲ್ಲಿ ಕುಟ್ಟಿದ ಹಿಂಡಿಯಲ್ಲಿ ಜಿಡ್ಡೂ ಪುಷ್ಟಿಯೂ ಉಂಟು. ಉಪ್ಪಿನಲ್ಲಿ ಕಳಿತ ನಿಂಬೆಯು ವರ್ಷಗಟ್ಟಲೆ ಬಾಳುತ್ತದೆ.

೧೮೭೬–೭೮ರ ಮಹಾಕ್ಷಾಮದಲ್ಲಿ ಈ ಜಿಲ್ಲೆ, ಅಂದರೆ ಆಗಿನ ಕಲಾದಗಿ ಜಿಲ್ಲೆ, ಅತಿ ಕಠಿನವಾದ ಪೆಟ್ಟು ತಿಂದಿತು. ೧೮೭೨ರ ಗಣತಿಯಲ್ಲಿ ೮ ಲಕ್ಷವನ್ನು ಮೀರಿದ್ದ ಜನಸಂಖ್ಯೆ ೧೮೮೧ರಲ್ಲಿ ೬ ಲಕ್ಷ ೩೮ ಸಾವಿರಕ್ಕೆ ಇಳಿಯಿತು. ಅಂತಹ ಕ್ಷಾಮದ ಮುಂದೆ ಯಾವ ಭರಣಿಯೂ ನಿಲ್ಲದೆಂಬುದು ನಿಜ. ಆದರೆ ಮಹಾಕ್ಷಾಮಗಳ ನಡುವಿನ ಸಣ್ಣ ಬರಗಳನ್ನು ದಾಟುವಲ್ಲಿ ಮನೆಯ ಸಂಗ್ರಹವು ಆಸರೆಯಾಗಿತ್ತೆಂಬುದರಲ್ಲಿ ಸಂದೇಹವಿಲ್ಲ.

ಈ ಸಂಗ್ರಹಕ್ಕೆ ಬೇಕಾದ ವಸ್ತುಗಳಲ್ಲಿ ಹೆಚ್ಚಿನವು ಹೊಲದಲ್ಲೇ ದೊರೆಯುತ್ತಿದ್ದವು. ಹಣ ಕೊಟ್ಟು ಕೊಳ್ಳಬೇಕಾದ ಮುಖ್ಯ ಪದಾರ್ಥವೆಂದರೆ ಉಪ್ಪು. ರೈಲು ಬರುವ ಮುನ್ನ ಲಂಬಾಣಿಗರು ಕರಾವಳಿಯ ಉಪ್ಪನ್ನು ಎತ್ತುಗಳ ಮೇಲೆ ಹೇರಿಕೊಂಡು ಒಳನಾಡಿಗೆ ತರುತ್ತಿದ್ದರು. ಬ್ರಿಟಿಷ್ ಸರಕಾರ ಉಪ್ಪಿನ ಮೇಲೆ ವಿಧಿಸಿದ ಕರವು ೧೮೮೨ರಲ್ಲಿ ಮಣಕ್ಕೆ ೨ ರೂಪಾಯಿ ಇದ್ದುದು ೧೮೮೮ರಲ್ಲಿ ೨ ರೂಪಾಯಿ ೮ ಆಣೆಗೆ ಏರಿತು. ೧೯೦೩ರಿಂದ ಹಂತಹಂತವಾಗಿ ಇಳಿದು ೧೯೦೭ರಲ್ಲಿ ೧ ರೂಪಾಯಿಗೆ ಬಂದಿತು. ನೂರು ಕಿಲೋ ನಿಂಬೆಗೆ ೧೫ರಿಂದ ೨೦ ಕಿಲೋ ಉಪ್ಪು ಬೇಕೆಂದು ಇಟ್ಟುಕೊಂಡು, ಅಂದಿನ ಮಣವನ್ನು ಸುಮಾರು ೩೭ ಕಿಲೋ ಎಂದು ಎಣಿಸಿದರೆ, ೧೮೮೮ರ ದರದಲ್ಲಿ ೨೦ ಕಿಲೋ ಉಪ್ಪಿನ ಮೇಲಣ ಕರವೇ ೧ ರೂಪಾಯಿ ೫ ಆಣೆಯನ್ನು ಮುಟ್ಟುತ್ತದೆ. ಮನೆಯ ಮಟ್ಟಿಗೆ ಹತ್ತು ಕಿಲೋ ಹಣ್ಣು ಹಾಕುವವಳಿಗೆ ಇದು ಸುಮಾರು ೨ ಆಣೆ. ದಿನಗೂಲಿಯನ್ನು ಆಣೆಗಳಲ್ಲಿ ಎಣಿಸುತ್ತಿದ್ದ ಕಾಲದಲ್ಲಿ ಇದು ಅಲ್ಪ ಹೊರೆಯಲ್ಲ. ೧೯೩೦ರ ಉಪ್ಪಿನ ಸತ್ಯಾಗ್ರಹದ ಕರೆ ಒಳನಾಡಿನ ಸ್ತ್ರೀಯರಿಗೂ ಮುಟ್ಟಿದ್ದೇಕೆ ಎಂಬುದಕ್ಕೆ ಈ ಲೆಕ್ಕವೂ ಒಂದು ವಿವರಣೆ. ಕರವು ಕೊನೆಗೆ ರದ್ದಾದದ್ದು ೧೯೪೭ರಲ್ಲಿ.

೪

ಸಂಗ್ರಹವು ಸರಕಾಗಿ ಮಾರ್ಪಡುವುದಕ್ಕೆ ದಾರಿ ಮತ್ತು ಕೊಳ್ಳುವವರು ಬೇಕು. ೧೮೮೦ರ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆಯು ಹೋಟಗಿಯಿಂದ ವಿಜಾಪುರದ ಮೂಲಕ ಗದಗಕ್ಕೆ ಮಾರ್ಗವನ್ನು ಹಾಕಿತು. ಕ್ಷಾಮಪೀಡಿತ ಸೀಮೆಗೆ ಧಾನ್ಯ ಸಾಗಿಸುವುದು ಅದರ ಉದ್ದೇಶಗಳಲ್ಲೊಂದು. ಅದೇ ಕಾಲಕ್ಕೆ ಸೊಲ್ಲಾಪುರದಲ್ಲಿ ಬಟ್ಟೆಯ ಗಿರಣಿಗಳು ಬೆಳೆದವು. ಗಡಿಯಾಚೆಗೂ ಈಚೆಗೂ ಕನ್ನಡವನ್ನಾಡುವ ಜನರಿಗೆ ಸೊಲ್ಲಾಪುರವೇ ಹತ್ತಿರದ ದುಡಿಮೆಯ ಪಟ್ಟಣವಾಯಿತು. ದುಡಿಯಲು ಹೋದವರ ಗಂಟಿನಲ್ಲಿ ಕಟಕರೊಟ್ಟಿಯೂ ಹಿಂಡಿಯೂ ಹೋದವು. ಊರು ಬಿಟ್ಟವರಿಗಾಗಿ ಹುಟ್ಟಿಕೊಂಡ ಖಾನಾವಳಿಗಳಲ್ಲಿ ಅವೇ ಪದಾರ್ಥಗಳಿಗೆ ಬೆಲೆ ಬಂದಿತು. ತಾಯಿ ಮಗನಿಗೆ ಕಟ್ಟಿಕೊಟ್ಟದ್ದು ಕಾಣಿಕೆ. ಅದನ್ನೇ ಖಾನಾವಳಿಯಲ್ಲಿ ಬಡಿಸಿದಾಗ ಅದು ಸರಕು. ಈ ಉದ್ಯೋಗದ ಮೊದಲ ಪೇಟೆಯನ್ನು ನಾವು ಇಲ್ಲಿಯೇ ಹುಡುಕಬೇಕು.

ಆದರೆ ಈ ಬದಲಾವಣೆಯ ದಾಖಲೆ ತೀರ ವಿರಳ. ಸರಕಾರದ ಲೆಕ್ಕಗಳು ಮಗ್ಗವನ್ನು ಎಣಿಸಿದವು, ಕಂಬಳಿಯನ್ನು ಎಣಿಸಿದವು, ಗಾಣವನ್ನು ಎಣಿಸಿದವು, ಒರಳನ್ನು ಎಣಿಸಲಿಲ್ಲ. ೧೯೬೧ರ ಜನಗಣತಿಯಲ್ಲಿ ಗೃಹ ಕೈಗಾರಿಕೆಯೆಂಬ ಪ್ರತ್ಯೇಕ ವರ್ಗವನ್ನು ಮಾಡಿದಾಗಲೂ ಮಾರಾಟಕ್ಕಾಗಿ ತಯಾರಿಸಿದುದನ್ನು ಮಾತ್ರ ಅದರಲ್ಲಿ ಸೇರಿಸಲಾಯಿತು. ಐದು ಭರಣಿಗಳನ್ನು ಮನೆಗೆ ಹಾಕಿ ಒಂದನ್ನು ಮಾರುವ ಗೃಹಿಣಿಯ ಬಹುಪಾಲು ದುಡಿಮೆ ಹೀಗೆ ಲೆಕ್ಕದ ಹೊರಗೆ ಉಳಿಯಿತು.

ಈ ವಿಷಯದಲ್ಲಿ ಹನ್ನೆರಡನೆಯ ಶತಮಾನವು ಹೆಚ್ಚು ಉದಾರವಾಗಿತ್ತೆಂದು ತೋರುತ್ತದೆ. ಬಸವಣ್ಣನವರ ಜನ್ಮಸ್ಥಳವಾದ ಬಾಗೇವಾಡಿ ಇದೇ ಜಿಲ್ಲೆಯಲ್ಲಿದೆ. ಶರಣರ ಪರಂಪರೆಯಲ್ಲಿ ಕೊಟ್ಟಣದ ಸೋಮಮ್ಮ ಎಂಬ ವಚನಕಾರ್ತಿಯ ಹೆಸರು ಬರುತ್ತದೆ; ಧಾನ್ಯ ಕುಟ್ಟುವುದು ಆಕೆಯ ಕಾಯಕ. ಕುಟ್ಟುವ ಕೆಲಸವನ್ನೇ ಹೆಸರಿನೊಡನೆ ಗೌರವದಿಂದ ಸೇರಿಸಿದ ನಾಡಿನಲ್ಲಿ, ಎಂಟು ಶತಮಾನಗಳ ತರುವಾಯ ಅದೇ ಕೆಲಸವು ಉದ್ಯೋಗದ ಪಟ್ಟಿಯಿಂದ ಬಿಟ್ಟುಹೋದದ್ದು ವಿಪರ್ಯಾಸವೇ ಸರಿ.

೫

೧೯೫೬ರ ನವೆಂಬರ್ ೧ರಂದು ವಿಜಾಪುರ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಅದಕ್ಕೆ ಒಂದು ವರ್ಷ ಮೊದಲು, ೧೯೫೫ರಲ್ಲಿ, ಕೇಂದ್ರ ಸರಕಾರದ ಹಣ್ಣಿನ ಉತ್ಪನ್ನಗಳ ಆದೇಶ ಹೊರಟಿತ್ತು. ಉಪ್ಪಿನಕಾಯಿ, ಮುರಬ್ಬಗಳನ್ನು ಮಾರಾಟಕ್ಕೆ ತಯಾರಿಸುವವರು ಪರವಾನಿಗೆ ಪಡೆಯುವುದು ಅಗತ್ಯವಾಯಿತು. ೧೯೫೯ರ ಮಾರ್ಚ್ ೧೫ರಂದು ಮುಂಬಯಿಯ ಗಿರಗಾಂವದಲ್ಲಿ ಏಳು ಮಂದಿ ಸ್ತ್ರೀಯರು ೮೦ ರೂಪಾಯಿ ಸಾಲ ತಂದು ಹಪ್ಪಳ ಮಾಡಲಾರಂಭಿಸಿದರು. ಅದೇ ಮುಂದೆ ಲಿಜ್ಜತ್ ಪಾಪಡ್ ಎಂಬ ಪ್ರಸಿದ್ಧ ಸಂಸ್ಥೆಯಾಯಿತು. ದುಡಿಯುವವಳೇ ಒಡತಿ ಎಂಬುದು ಅದರ ತತ್ತ್ವ. ಗೃಹೋದ್ಯೋಗದ ಚರಿತ್ರೆಯಲ್ಲಿ ಅದು ಮುಖ್ಯವಾದ ಪಾಠ.

ಇಂಡಿಯ ಸೀಮೆಗೆ ಇಂತಹ ಪಾಠ ಅಗತ್ಯವಾಗಿರುವುದು ನಿಂಬೆಯ ದೆಸೆಯಿಂದ. ತೆಳು ಸಿಪ್ಪೆಯ, ರಸಭರಿತವಾದ ಇಲ್ಲಿನ ಕಾಗಜಿ ನಿಂಬೆಗೆ ೨೦೨೩ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ನಿಂಬೆಯ ಫಸಲು ಹೇರಳವಾಗಿ ಬರುವುದು ಮಳೆಗಾಲದಲ್ಲಿ; ಬೇಡಿಕೆ ಏರುವುದು ಬೇಸಗೆಯಲ್ಲಿ. ಹಣ್ಣು ಕಾಯುವುದಿಲ್ಲ, ಪೇಟೆಗೆ ಬಂದ ದಿನ ಸಿಕ್ಕಿದ ದರಕ್ಕೆ ಮಾರಲೇಬೇಕು. ಕೀಳುವ ಕೂಲಿ, ಸಾಗಿಸುವ ಬಾಡಿಗೆಗಳೂ ಹುಟ್ಟದ ದಿನಗಳುಂಟು. ಈ ಅಂತರವನ್ನು ತುಂಬುವ ಉಪಾಯವೇ ಉಪ್ಪಿನಕಾಯಿ. ಅದು ಅಗ್ಗದ ಋತುವಿನ ಹಣ್ಣನ್ನು ತುಟ್ಟಿಯ ಋತುವಿಗೆ ದಾಟಿಸುತ್ತದೆ.

ಆದರೆ ದಾಟಿಸುವವಳಿಗೆ ಬಂಡವಾಳ ಬೇಕು. ಉಪ್ಪು ಹಾಕಿದ ನಿಂಬೆಯ ಸಿಪ್ಪೆ ಮೆತ್ತಗಾಗಲು ಮೂರು ನಾಲ್ಕು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಹಣ್ಣು, ಉಪ್ಪು, ಖಾರಗಳಿಗೆ ಹಾಕಿದ ಹಣ ಭರಣಿಯಲ್ಲೇ ಸಿಕ್ಕಿಕೊಂಡಿರುತ್ತದೆ. ಹಿಂಡಿಯ ತೊಂದರೆ ಇದಕ್ಕೆ ವಿರುದ್ಧವಾದುದು. ಅದನ್ನು ಒಂದೇ ದಿನದಲ್ಲಿ ಮಾಡಿ ಮುಗಿಸಬಹುದಾದರೂ ಶೇಂಗಾದ ಎಣ್ಣೆ ಕೆಲವು ವಾರಗಳಲ್ಲೇ ಕಮಟು ಹಿಡಿಯುತ್ತದೆ. ಒಂದರಲ್ಲಿ ಹಣ ನಿಲ್ಲುತ್ತದೆ. ಇನ್ನೊಂದರಲ್ಲಿ ಸರಕು ನಿಲ್ಲುವುದಿಲ್ಲ. ಎರಡನ್ನೂ ಜೊತೆಯಾಗಿ ನಡೆಸುವವಳು ಹಿಂಡಿಯ ದಿನದಿನದ ಗಳಿಕೆಯಿಂದ ಉಪ್ಪಿನಕಾಯಿಯ ಕಾಯುವಿಕೆಯನ್ನು ತಾಳಿಕೊಳ್ಳಬಹುದು.

ಇದರ ಮೇಲೆ ಕಾನೂನಿನ ಬೇಡಿಕೆಗಳುಂಟು. ೨೦೦೬ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯು ಹಳೆಯ ಆದೇಶದ ಸ್ಥಾನಕ್ಕೆ ಬಂದಿತು. ೨೦೧೧ರಲ್ಲಿ ಹೊರಟ ನಿಯಮಗಳು ವರ್ಷಕ್ಕೆ ೧೨ ಲಕ್ಷ ರೂಪಾಯಿಯವರೆಗೆ ವಹಿವಾಟುಳ್ಳ ಸಣ್ಣ ತಯಾರಕರಿಗೆ ಪರವಾನಿಗೆಯ ಬದಲು ಸರಳವಾದ ನೋಂದಣಿಯನ್ನು ವಿಧಿಸಿದವು. ಉಪ್ಪುನೀರಿನ ಉಪ್ಪಿನಕಾಯಿಯಲ್ಲಿ ಶೇಕಡಾ ೧೨ಕ್ಕೆ ಕಡಿಮೆಯಿಲ್ಲದಷ್ಟು ಉಪ್ಪು, ನಿಂಬೆರಸದ ಉಪ್ಪಿನಕಾಯಿಯಲ್ಲಿ ಶೇಕಡಾ ೧.೨ಕ್ಕೆ ಕಡಿಮೆಯಿಲ್ಲದಷ್ಟು ಹುಳಿ ಇರಬೇಕೆಂದು ಅವು ಗೊತ್ತುಪಡಿಸಿದವು. ಅಜ್ಜಿಯರು ಕೈಯಳತೆಯಿಂದ ಸಾಧಿಸಿದುದನ್ನೇ ಶಾಸ್ತ್ರವು ಅಂಕಿಯಲ್ಲಿ ಹೇಳಿದಂತಾಯಿತು. ೨೦೨೦ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಕೇಂದ್ರ ಯೋಜನೆಯು ವಿಜಯಪುರ ಜಿಲ್ಲೆಗೆ ನಿಂಬೆಯನ್ನೇ ಆರಿಸಿತು. ಬಂಡವಾಳದ ಶೇಕಡಾ ೩೫ರಷ್ಟು, ೧೦ ಲಕ್ಷ ರೂಪಾಯಿ ಮಿತಿಯೊಳಗೆ, ಸಹಾಯಧನವನ್ನೂ, ಸ್ವಸಹಾಯ ಸಂಘದ ಸದಸ್ಯೆಯೊಬ್ಬಳಿಗೆ ೪೦ ಸಾವಿರ ರೂಪಾಯಿವರೆಗಿನ ಮೂಲಧನವನ್ನೂ ಅದು ಗೊತ್ತುಮಾಡಿತು.

೬

ಇಂತಹುದೇ ಪ್ರಯತ್ನ ಅನ್ಯದೇಶಗಳಲ್ಲಿಯೂ ನಡೆದಿದೆ. ಫಿಲಿಪೈನ್ಸ್ ದ್ವೀಪಗಳಲ್ಲಿ ಪರಂಗಿಕಾಯಿಯ ಉಪ್ಪಿನಕಾಯಿಗೆ ‘ಅಚಾರ’ ಎಂದೇ ಹೆಸರು. ನಮ್ಮ ‘ಆಚಾರ್’ ಶಬ್ದವೇ ಸಮುದ್ರವನ್ನು ದಾಟಿ ಹೋದದ್ದು. ಅಲ್ಲಿ ಮರಿಯಾ ಓರೋಸಾ ಎಂಬ ರಸಾಯನಶಾಸ್ತ್ರಜ್ಞೆ ಅಮೆರಿಕದಲ್ಲಿ ವ್ಯಾಸಂಗ ಮಾಡಿ ಸ್ವದೇಶಕ್ಕೆ ಮರಳಿ, ಹೊರದೇಶದ ಡಬ್ಬಿ ಆಹಾರವನ್ನು ನೆಚ್ಚಿದ್ದ ನಾಡಿಗೆ ಸ್ಥಳೀಯ ಫಲಗಳನ್ನು ಸಂರಕ್ಷಿಸುವ ಕ್ರಮಗಳನ್ನು ಕಲಿಸಿದಳು. ಟೊಮೇಟೊ ಬದಲು ಬಾಳೆಹಣ್ಣಿನಿಂದ ಕೆಚಪ್ ಮಾಡಿದಳು. ಕಲಮನ್ಸಿ ಎಂಬ ನಿಂಬೆಯ ಜಾತಿಯ ಹಣ್ಣನ್ನು ಪುಡಿಯಾಗಿಸಿದಳು. ಹಳ್ಳಿಗಳಲ್ಲಿ ಸ್ತ್ರೀಯರ ಸಂಘಗಳನ್ನು ಬೆಳೆಸಿದಳು. ೧೯೪೫ರ ಮನಿಲಾ ಯುದ್ಧದಲ್ಲಿ ಆಕೆ ಮೃತಳಾದಳು. ಪ್ರಯೋಗಶಾಲೆಯ ಜ್ಞಾನವನ್ನು ಅಡಿಗೆಮನೆಯ ಜ್ಞಾನಕ್ಕೆ ಜೋಡಿಸಿದುದು, ಎರಡನ್ನೂ ಸಮಾನವಾಗಿ ಗೌರವಿಸಿದುದು ಆಕೆಯ ವೈಶಿಷ್ಟ್ಯ.

೭

ಮೇಲಿನ ವಿವೇಚನೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಈ ಸೀಮೆಯ ಉಪ್ಪಿನಕಾಯಿ, ಹಿಂಡಿಗಳಲ್ಲಿ ಅಡಗಿರುವ ಬಂಡವಾಳದಲ್ಲಿ ಮುಖ್ಯವಾದುದು ಸ್ತ್ರೀಯರ ಜ್ಞಾನ, ಹಣ ಎರಡನೆಯದು. ಆ ಜ್ಞಾನವು ಬರಗಾಲದಲ್ಲಿ ಮನೆಯನ್ನು ಉಳಿಸಿತು, ಉಪ್ಪಿನ ಕರವನ್ನು ಸಹಿಸಿತು, ಹೊಸ ಬೆಳೆಗಳನ್ನು ಒಳಗೊಂಡಿತು. ಆದರೂ ಲೆಕ್ಕಪತ್ರಗಳಲ್ಲಿ ಕಾಣಿಸಿಕೊಳ್ಳಲಿಲ್ಲ. ಇಂದು ಅದು ಪೇಟೆಗೆ ಬಂದಿರುವಾಗ, ಭರಣಿಯ ಮೇಲಣ ಚೀಟಿಯಲ್ಲಿ ಯಾರ ಹೆಸರು ಇರಬೇಕೆಂಬ ಪ್ರಶ್ನೆ ಕೇವಲ ವ್ಯಾಪಾರದ ಪ್ರಶ್ನೆಯಲ್ಲ. ಭೌಗೋಳಿಕ ಸೂಚಿಯ ಮಾನ್ಯತೆ ಹಣ್ಣಿಗೆ ಸಂದಿದೆ; ಅದನ್ನು ವರ್ಷಕಾಲ ಬಾಳಿಸುವ ಕೈಗೆ ಸಲ್ಲಬೇಕಾದುದು ಇನ್ನೂ ಉಳಿದಿದೆ. ಈ ಕೈಗಳು ಬೇರೆಯವರ ಕಾರ್ಖಾನೆಯಲ್ಲಿ ಕೂಲಿಯ ಕೈಗಳಾದರೆ ಹಳೆಯ ಅಲಕ್ಷ್ಯವೇ ಹೊಸ ರೂಪದಲ್ಲಿ ಮುಂದುವರಿದಂತಾಗುವುದು.

ಇತಿಹಾಸದ ಅಧ್ಯಾಪಕರೂ ವಿದ್ಯಾರ್ಥಿಗಳೂ ಇಲ್ಲಿ ಮಾಡಬೇಕಾದ ಕೆಲಸವೊಂದಿದೆ. ಏಕೀಕರಣಕ್ಕೆ ಮುಂಚಿನ ದಿನಗಳನ್ನು ಕಂಡ ಅಜ್ಜಿಯರು ಇಂದು ಕೆಲವರೇ ಉಳಿದಿದ್ದಾರೆ. ೧೯೭೨ರ ಬರದಲ್ಲಿ ಮನೆ ನಡೆಸಿದವರು ವೃದ್ಧರಾಗಿದ್ದಾರೆ. ಆ ವರ್ಷ ಭರಣಿಯಲ್ಲಿ ಏನಿತ್ತು, ಉಪ್ಪು ಎಲ್ಲಿಂದ ಬಂತು, ಮೊದಲ ಸಲ ಯಾರಿಗೆ ಎಷ್ಟಕ್ಕೆ ಮಾರಿದರು ಎಂಬುದನ್ನು ಅವರಿಂದ ಕೇಳಿ ಬರೆದಿಡಬೇಕು. ಶಾಸನಗಳನ್ನು ಕಲ್ಲು ಕಾಯುತ್ತದೆ. ಈ ನೆನಪುಗಳನ್ನು ಕಾಯುವವರಿಲ್ಲ. ವಿದ್ಯಾರ್ಥಿಯು ತನ್ನ ಮನೆಯ ಅಡಿಗೆಮನೆಯಿಂದಲೇ ಈ ಕಾರ್ಯವನ್ನು ಆರಂಭಿಸಬಹುದು.