ಚಂದ್ರಕಾಳಿ ಸೀರೆ: ಜೀವಂತ ಪರಂಪರೆಯ ರಕ್ಷಣೆಯನ್ನು ಕುರಿತು ಕೆಲವು ವಿಚಾರಗಳು

ಶಾಸನ, ನಾಣ್ಯ, ಕಡತಗಳ ಆಧಾರದಿಂದ ಗತಕಾಲವನ್ನು ಅರಿಯುವುದು ಇತಿಹಾಸದ ಅಭ್ಯಾಸಿಗಳಾದ ನಮ್ಮ ವಾಡಿಕೆ. ಕಲ್ಲು ಉಳಿಯುತ್ತದೆ, ತಾಮ್ರಪಟ ಉಳಿಯುತ್ತದೆ. ಬಟ್ಟೆಯಾದರೋ ಬೇಗನೆ ಜೀರ್ಣವಾಗುತ್ತದೆ. ಆದುದರಿಂದಲೇ ನಮ್ಮ ಗ್ರಂಥಗಳಲ್ಲಿ ಉಡುಗೆಯ ವಿಷಯವು ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುವುದುಂಟು. ಉತ್ತರ ಕರ್ನಾಟಕದಲ್ಲಿ ಮದುವಣಗಿತ್ತಿಗೆ ಕೊಡುತ್ತಿದ್ದ ಚಂದ್ರಕಾಳಿ ಸೀರೆಯನ್ನು ಉದಾಹರಣೆಯಾಗಿಟ್ಟುಕೊಂಡು, ಇಂತಹ ಉಡುಗೆಯ ಕಸುಬನ್ನು ಉಳಿಸುವುದೆಂದರೆ ನಿಜವಾಗಿ ಏನನ್ನು ಉಳಿಸುವುದು ಎಂಬ ಪ್ರಶ್ನೆಯನ್ನು ಈ ಲೇಖನದಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

ಚಂದ್ರಕಾಳಿಯೆಂದರೆ ಅಚ್ಚ ಕಪ್ಪು ಬಣ್ಣದ ಸೀರೆ. ಶುಭಕಾರ್ಯಗಳಿಗೆ ಕಪ್ಪು ಸಲ್ಲದೆಂಬ ನಂಬಿಕೆ ನಾಡಿನಲ್ಲಿ ವ್ಯಾಪಕವಾಗಿದ್ದರೂ ಮದುವೆಯ ಸೀರೆಗಳಲ್ಲಿ ಇದಕ್ಕೆ ಸ್ಥಾನ ದೊರೆತುದು ಗಮನಾರ್ಹವಾದ ಸಂಗತಿ. ಇಳಕಲ್ಲಿನ ನೇಕಾರರು ಸೀರೆಯನ್ನು ನೇಯುತ್ತಿದ್ದರು. ಮನೆಯ ಹೆಂಗಸರು ಅದರ ಮೇಲೆ ಕಸೂತಿ ಹಾಕುತ್ತಿದ್ದರು. ಅಂದರೆ ಒಂದೇ ಉಡುಗೆಯಲ್ಲಿ ಎರಡು ವಿದ್ಯೆಗಳು ಕೂಡಿವೆ. ಒಂದು ಪೇಟೆಗಾಗಿ ದುಡಿಯುವ ಕಸುಬು. ಇನ್ನೊಂದು ಬಹುಕಾಲ ಕೂಲಿಯ ಮಾತೇ ಇಲ್ಲದೆ ನಡೆದುಬಂದ ಗೃಹಕಲೆ.

ಮೊದಲು ನೇಯ್ಗೆಯನ್ನು ನೋಡೋಣ. ಇಳಕಲ್ ಸೀರೆಯ ವೈಶಿಷ್ಟ್ಯವಿರುವುದು ಅದರ ಟೋಪ ತೆನಿ ಸೆರಗಿನಲ್ಲಿ. ಕೆಂಪು ರೇಷ್ಮೆಯ ಮೂರು ಪಟ್ಟಿಗಳು, ಅವುಗಳ ನಡುವೆ ಬಿಳಿಯ ಎರಡು ಪಟ್ಟಿಗಳು, ಇದು ಅದರ ರಚನೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದರ ಎಳೆಗಳನ್ನು ಇನ್ನೊಂದರ ಎಳೆಗಳಿಗೆ ಕೊಂಡಿಯಂತೆ ಒಂದೊಂದಾಗಿ ಕೂಡಿಸಬೇಕು. ಈ ಕಾರಣದಿಂದ ಹತ್ತಾರು ಸೀರೆಗಳಿಗೆ ಒಂದೇ ಉದ್ದನೆಯ ಹಾಸನ್ನು ಹೂಡಲು ಬರುವುದಿಲ್ಲ. 6, 8 ಅಥವಾ 9 ಗಜದ ಒಂದು ಸೀರೆಗೆ ಸಾಲುವಷ್ಟನ್ನೇ ಸಿದ್ಧಪಡಿಸಿ, ಪ್ರತಿ ಸೀರೆಗೂ ಜೋಡಣೆಯನ್ನು ಹೊಸದಾಗಿ ಮಾಡಬೇಕು. ಯಂತ್ರಮಗ್ಗಕ್ಕೆ ಅನುಕೂಲವಾದುದು ಅಖಂಡವಾದ ಹಾಸು. ಹೀಗಾಗಿ ಯಂತ್ರವು ಸೆರಗಿನ ಬಣ್ಣವನ್ನು ಅನುಕರಿಸಬಹುದೇ ಹೊರತು ಅದರ ಜೋಡಣೆಯನ್ನಲ್ಲ.

ಇನ್ನು ಕಸೂತಿ. ಇದಕ್ಕೆ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆಗಳನ್ನು ಎಣಿಸಿಯೇ ಸೂಜಿ ಹಾಕಬೇಕು. ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳುಂಟು. ಗವಂತಿಯಲ್ಲಿ ಸೂಜಿಯು ಹೋಗುವಾಗ ಬಿಟ್ಟ ತೆರಪುಗಳನ್ನು ಹಿಂದಿರುಗುವಾಗ ತುಂಬುತ್ತದೆ. ಗಂಟು ಕಾಣಿಸದು, ಬಟ್ಟೆಯ ಎರಡೂ ಮೈಗಳಲ್ಲಿ ಒಂದೇ ರೂಪ ಮೂಡುತ್ತದೆ. ಗೋಪುರ, ತೇರು, ಪಲ್ಲಕ್ಕಿ, ತುಳಸೀವೃಂದಾವನ, ಆನೆ, ನವಿಲುಗಳ ಚಿತ್ರಗಳು ಸೆರಗಿನ ಬಳಿ ದೊಡ್ಡವಾಗಿದ್ದು, ದೂರ ಸರಿದಂತೆ ಚಿಕ್ಕವಾಗುತ್ತವೆ. ಎಣಿಸುವ ಈ ವಿದ್ಯೆಯು ನೇಯ್ಗೆಯನ್ನೇ ಅವಲಂಬಿಸಿದೆ. ಎಳೆಗಳು ಕಣ್ಣಿಗೆ ಸಿಕ್ಕದಂತಹ ನಯವಾದ ಬಟ್ಟೆ ಬಂದೊಡನೆ ಎಣಿಕೆ ತಪ್ಪುತ್ತದೆ. ಅಚ್ಚೊತ್ತಿದ ಗೆರೆಯ ಮೇಲೆ ಸೂಜಿ ಓಡತೊಡಗುತ್ತದೆ. ಮಗ್ಗವು ಸೋತರೆ ಸೂಜಿಯೂ ಸೋಲುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಪರಂಪರೆಯ ಬೆಲೆ ಯಾವುದರಲ್ಲಿದೆ? ಇಳಕಲ್ ಸೀರೆ ಎಂಟನೆಯ ಶತಮಾನದ್ದು, ಕಸೂತಿ ಚಾಲುಕ್ಯರ ಕಾಲದ್ದು ಎಂಬ ಮಾತುಗಳನ್ನು ಪದೇ ಪದೇ ಕೇಳುತ್ತೇವೆ. ಅಯ್ಯಾವೊಳೆಯ ಐನೂರ್ವರೆಂಬ ಪ್ರಸಿದ್ಧ ವರ್ತಕ ಸಂಘದ ಹೆಸರಿಗೆ ಕಾರಣವಾದ ಐಹೊಳೆ ಈ ಸೀಮೆಯಲ್ಲಿಯೇ ಇದೆ ಎಂಬುದು ನಿಜ. ಆದರೆ ಒಂದು ಪ್ರದೇಶದಲ್ಲಿ ವ್ಯಾಪಾರವಿತ್ತೆಂಬ ಸಾಕ್ಷ್ಯವು ಇಂದಿನ ಒಂದು ಸೀರೆಯ ಪ್ರಾಚೀನತೆಗೆ ಸಾಕ್ಷ್ಯವಾಗಲಾರದು. ಅದರ ಅಗತ್ಯವೂ ಇಲ್ಲ. 2003ರ ಯುನೆಸ್ಕೋ ಒಡಂಬಡಿಕೆಯನ್ನು ಭಾರತವು 2005ರಲ್ಲಿ ಅಂಗೀಕರಿಸಿತು. ಅದರ ಪ್ರಕಾರ ಅಮೂರ್ತ ಪರಂಪರೆಯೆಂದರೆ ತಲೆಮಾರಿನಿಂದ ತಲೆಮಾರಿಗೆ ಸಾಗುತ್ತ, ಸಮುದಾಯದ ಕೈಯಲ್ಲಿ ಸದಾ ಹೊಸದಾಗುತ್ತಿರುವ ವಿದ್ಯೆ. ಅಲ್ಲಿ ಕೇಳಬೇಕಾದ ಪ್ರಶ್ನೆ ‘ಎಷ್ಟು ಹಳೆಯದು?’ ಎಂಬುದಲ್ಲ, ‘ಮುಂದೆ ಯಾರು ಬಲ್ಲರು?’ ಎಂಬುದು.

ಈ ಪ್ರಶ್ನೆಗೆ ನಮ್ಮ ಕಾನೂನುಗಳು ಎಷ್ಟರಮಟ್ಟಿಗೆ ಉತ್ತರ ಕೊಡುತ್ತವೆ? 1985ರ ಕಾಯಿದೆಯು ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಾಗಿರಿಸಿತು; ಸೀರೆಯೂ ಅವುಗಳಲ್ಲಿ ಒಂದು. 1999ರ ಭೌಗೋಳಿಕ ಸೂಚಕಗಳ ಕಾಯಿದೆಯ ಅಡಿಯಲ್ಲಿ ಇಳಕಲ್ ಸೀರೆ ಮತ್ತು ಕಸೂತಿ ಇವೆರಡೂ ನೋಂದಣಿಯಾಗಿವೆ. ಇವು ಉಪಯುಕ್ತವಾದ ಕ್ರಮಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ನೋಂದಣಿಯು ಹೆಸರನ್ನು ಕಾಯುತ್ತದೆ. ಹೆಸರನ್ನು ಹೊತ್ತ ವಿದ್ಯೆಯನ್ನು ಕಲಿಸುವುದಿಲ್ಲ. ಮೇಲಾಗಿ ಸೀರೆಗೊಂದು, ಕಸೂತಿಗೊಂದು ಎಂದು ನೋಂದಣಿ ಎರಡಾಗಿರುವುದರಿಂದ, ಇವೆರಡೂ ಕೂಡಿದ ಉಡುಗೆಯನ್ನು ಕುರಿತು ಯಾವ ದಾಖಲೆಯೂ ಚಿಂತಿಸದಂತಾಗಿದೆ. ಜಪಾನು 1950ರ ಕಾನೂನಿನಲ್ಲಿಯೂ ಅದಕ್ಕೆ 1954ರಲ್ಲಿ ಮಾಡಿದ ತಿದ್ದುಪಡಿಯಲ್ಲಿಯೂ ವಿದ್ಯೆಗೂ ಅದನ್ನು ಬಲ್ಲ ವ್ಯಕ್ತಿಗೂ ಮನ್ನಣೆಯಿತ್ತ ರೀತಿ ಈ ಸಂದರ್ಭದಲ್ಲಿ ನೆನೆಯತಕ್ಕದ್ದು.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಹೆಣ್ಣುಮಕ್ಕಳು ಮನೆಯೊಳಗೆ ಕುಳಿತು ಕೂಲಿಯಿಲ್ಲದೆ ಸೂಜಿ ಹಿಡಿದ ಕಾಲವನ್ನು ನಾವು ಮರಳಿ ಬಯಸುತ್ತೇವೆಯೇ? ಖಂಡಿತವಾಗಿಯೂ ಇಲ್ಲ. ಸೂಜಿಯನ್ನು ಬಿಟ್ಟು ಶಾಲೆಗೆ ಹೋದ ಮಗಳನ್ನು ನೆನೆದು ಯಾವ ಇತಿಹಾಸಕಾರನೂ ದುಃಖಿಸಬೇಕಾಗಿಲ್ಲ. ಆದರೆ ತಾಯಿಯಿಂದ ಮಗಳಿಗೆ ತಾನಾಗಿ ಬರುತ್ತಿದ್ದ ವಿದ್ಯೆ ಹಾಗೆ ಬರುವುದು ನಿಂತಾಗ, ಕಲಿಸುವವರಿಗೆ ಸಂಬಳವನ್ನೂ ಹಾಕುವವರಿಗೆ ತಕ್ಕ ಬೆಲೆಯನ್ನೂ ಕೊಡದೆ ಅನ್ಯಮಾರ್ಗವಿಲ್ಲ. ಎಳೆ ಎಳೆ ಕೂಡಿಸುವ ನೇಕಾರನ ಶ್ರಮವು ಸೀರೆಯ ಬೆಲೆಯಲ್ಲಿ ಲೆಕ್ಕಕ್ಕೆ ಬರುವುದೂ ಅಷ್ಟೇ ಅವಶ್ಯಕ. ಪರಂಪರೆಯನ್ನು ಹೊಗಳಿ, ಅದರ ದುಡಿಮೆಗೆ ಹಿಂದಿನಂತೆ ಬೆಲೆ ಕಟ್ಟದಿರುವುದು ರಕ್ಷಣೆಯೆನಿಸದು.

ಇದರಲ್ಲಿ ಕಾಲೇಜುಗಳ ಪಾಲೂ ಇದೆ. ನಮ್ಮ ವಿದ್ಯಾರ್ಥಿಗಳಲ್ಲಿ ಹಲವರ ಮನೆಯ ಪೆಟ್ಟಿಗೆಗಳಲ್ಲಿ ಅಜ್ಜಿಯ ಕಾಲದ ಸೀರೆಗಳು ಇನ್ನೂ ಇರಬಹುದು. ಆ ಸೀರೆಯನ್ನು ಯಾರು ಉಟ್ಟರು, ಯಾವ ಕಾರ್ಯದಲ್ಲಿ ಉಟ್ಟರು, ಕಸೂತಿಯನ್ನು ಯಾರು ಹಾಕಿದರು, ಚಿತ್ರಗಳಿಗೆ ಮನೆಯಲ್ಲಿ ಇರುವ ಹೆಸರೇನು ಎಂಬುದನ್ನು ಹಿರಿಯರಿಂದ ಕೇಳಿ ಬರೆದಿಡಬೇಕು. ಚಿತ್ರ ತೆಗೆಯುವಾಗ ಬಟ್ಟೆಯ ಹಿಮ್ಮೈಯನ್ನೂ ತೆಗೆಯಬೇಕು. ಎಣಿಸಿ ಹಾಕಿದ ಕೈಯನ್ನು ಗುರುತಿಸಲು ಅದೇ ಒಳ್ಳೆಯ ಸಾಕ್ಷಿ. ಆದರೆ ಬರೆದಿಟ್ಟ ಮಾತ್ರಕ್ಕೆ ವಿದ್ಯೆ ಉಳಿಯದೆಂಬುದನ್ನು ಮರೆಯಲಾಗದು. ಬಲ್ಲವರು ನಮ್ಮ ನಡುವೆ ಇರುವಾಗಲೇ ಕಲಿಯುವವರನ್ನು ಅವರ ಬಳಿಗೆ ಕಳುಹಿಸಬೇಕು. ಶಾಸನವು ಓದುಗನಿಗಾಗಿ ಸಾವಿರ ವರ್ಷ ಕಾದೀತು. ಕೈಯ ವಿದ್ಯೆಗೆ ಅಷ್ಟು ಅವಕಾಶವಿಲ್ಲ.