ಹಳೆಯ ಜಾವಾ ಮೋಟಾರ್ ಸೈಕಲ್ಲಿನ ಬ್ರೇಕು: ಆಕರರಕ್ಷಣೆಯ ಒಂದು ಪ್ರಶ್ನೆ

ಇತಿಹಾಸದ ಆಕರಗಳೆಂದೊಡನೆ ಶಾಸನ, ನಾಣ್ಯ, ಕಡತಗಳು ನಮ್ಮ ಸ್ಮರಣೆಗೆ ಬರುತ್ತವೆ. ಕಾರ್ಖಾನೆಯಲ್ಲಿ ತಯಾರಾದ ಯಂತ್ರವೂ ಆಕರವೇ. ಆದರೆ ಶಾಸನವನ್ನು ಓದಿದರೆ ಸಾಕು. ಯಂತ್ರವನ್ನು ನಡೆಸಿ ನೋಡಬೇಕೆಂಬ ಆಸೆ ಸಹಜ. ನಡೆಸುವ ಮುನ್ನ ಅದನ್ನು ನಿಲ್ಲಿಸುವ ಸಾಧನವನ್ನು ಸರಿಪಡಿಸಬೇಕು. ಹಾಗೆ ಸರಿಪಡಿಸುವುದೆಂದರೆ ಆಕರದ ಒಂದಂಶವನ್ನು ಕಳೆಯುವುದು. ಈ ಇಕ್ಕಟ್ಟನ್ನು ಮೈಸೂರಿನ ಜಾವಾ ವಾಹನದ ನಿದರ್ಶನದಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೧೯೨೯ರಲ್ಲಿ ಚೆಕೊಸ್ಲೊವಾಕಿಯದ ಫ್ರಾಂಟಿಷೆಕ್ ಯಾನೆಚೆಕ್ ಅವರು ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡರು. ಈ ಎರಡು ಹೆಸರುಗಳ ರೋಮನ್ ಲಿಪಿಯ ಮೊದಲೆರಡು ಅಕ್ಷರಗಳು ಸೇರಿ, ನಾವು ಜಾವಾ ಎಂದು ಉಚ್ಚರಿಸುವ ಹೆಸರಾಯಿತು. ೧೯೬೦ರ ದಶಕದ ಆದಿಯಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ಆ ಮಾದರಿಯ ೨೫೦ ಸಿ.ಸಿ. ವಾಹನಗಳನ್ನು ತಯಾರಿಸಿತು, ಮುಂದೆ ಅವು ಯೆಜ್ದಿ ಎಂಬ ಹೆಸರಿನಿಂದ ಹೊರಬಂದವು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ಅಲ್ಲಿನ ಕೆಲಸಗಾರರ ಕೈಚಳಕಕ್ಕೆ ಈಗ ಉಳಿದ ವಾಹನಗಳೇ ಸಾಕ್ಷಿ.

ಇದರ ಮುಂಚಕ್ರದ ಬ್ರೇಕಿನ ರಚನೆ ಸರಳ. ಡ್ರಮ್ಮಿನೊಳಗೆ ಅರ್ಧಚಂದ್ರಾಕಾರದ ಎರಡು ಶೂಗಳಿವೆ. ಹಿಡಿಯನ್ನು ಒತ್ತಿದಾಗ ಕೇಬಲ್ ಕ್ಯಾಮನ್ನು ತಿರುಗಿಸುತ್ತದೆ. ಕ್ಯಾಮ್ ಶೂಗಳನ್ನು ಅಗಲಿಸುತ್ತದೆ. ಅವುಗಳ ಲೈನಿಂಗ್ ಡ್ರಮ್ಮಿಗೆ ಉಜ್ಜಿ ವೇಗವನ್ನು ತಗ್ಗಿಸುತ್ತದೆ. ಕೈಬಿಟ್ಟೊಡನೆ ಸ್ಪ್ರಿಂಗುಗಳು ಶೂಗಳನ್ನು ಹಿಂದೆಳೆಯುತ್ತವೆ. ದಶಕಗಳ ಕಾಲ ಮೂಲೆ ಸೇರಿದ ವಾಹನದಲ್ಲಿ ಡ್ರಮ್ಮಿನ ಒಳಮೈ ತುಕ್ಕು ಹಿಡಿಯುತ್ತದೆ. ಗ್ರೀಸ್ ಗಟ್ಟಿಯಾಗಿ ಕ್ಯಾಮ್ ಬಿಗಿಯುತ್ತದೆ. ಕೇಬಲಿನ ಎಳೆಗಳು ಒಳಗೇ ಸವೆಯುತ್ತವೆ. ಲೈನಿಂಗ್ ಜಿಡ್ಡು ಹೀರುತ್ತದೆ ಇಲ್ಲವೆ ಶೂವಿನಿಂದ ಬಿಟ್ಟುಬರುತ್ತದೆ. ಹೊರನೋಟಕ್ಕೆ ಇವಾವುವೂ ಕಾಣವು.

ಆದ್ದರಿಂದ ಚಕ್ರವನ್ನು ಕಳಚಲೇಬೇಕು. ಆ ಕಾಲದ ಲೈನಿಂಗುಗಳಲ್ಲಿ ಕಲ್ನಾರಿನ ಬಳಕೆ ಸಾಮಾನ್ಯವಾಗಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಧೂಳನ್ನು ಊದದೆ, ಝಾಡಿಸದೆ, ತಕ್ಕ ಮುಖರಕ್ಷೆ ಧರಿಸಿ ಒದ್ದೆಬಟ್ಟೆಯಿಂದ ಒರೆಸಬೇಕು. ಕ್ಯಾಮನ್ನು ಶುದ್ಧಗೊಳಿಸಿ ಅತ್ಯಲ್ಪ ಗ್ರೀಸ್ ಸವರಬೇಕು. ಜಿಡ್ಡು ಹೀರಿದ ಲೈನಿಂಗನ್ನು ತೊಳೆದರೂ ನಂಬಲಾಗದು. ಕಲ್ನಾರಿಲ್ಲದ ಹೊಸ ಲೈನಿಂಗೂ ಹೊಸ ಕೇಬಲೂ ಅಗತ್ಯ. ಡ್ರಮ್ಮಿನ ಒಳಮೈ ತೀರ ಕೆಟ್ಟಿದ್ದರೆ ಲೇತಿನಲ್ಲಿ ತೆಳುವಾಗಿ ಕಡೆಸಬೇಕಾಗುತ್ತದೆ. ಜೋಡಿಸುವಾಗ ಹಿಡಿಯನ್ನು ಒತ್ತಿಹಿಡಿದೇ ಅಕ್ಷದ ನಟ್ಟನ್ನು ಬಿಗಿದರೆ ಶೂಗಳು ಡ್ರಮ್ಮಿಗೆ ಸಮನಾಗಿ ಹೊಂದಿ ನಿಲ್ಲುತ್ತವೆ.

ಇತಿಹಾಸಕಾರನ ಹೊಣೆ ಇಲ್ಲಿಯೇ ಎದುರಾಗುತ್ತದೆ. ಒಮ್ಮೆ ಕಡೆದ ಲೋಹ ಮರಳಿ ಬಾರದು. ಎಸೆದ ಲೈನಿಂಗಿನೊಡನೆ ಅದರ ಸವೆತದ ಸಾಕ್ಷ್ಯವೂ ಹೋಗುತ್ತದೆ. ಹೊಸದಾಗಿ ಸೇರಿಸಿದ್ದು ಮೂಲದಿಂದ ಬೇರೆಯಾಗಿ ಗುರುತಿಸುವಂತಿರಬೇಕೆಂದು ೧೯೬೪ರ ವೆನಿಸ್ ಸನ್ನದು ಸ್ಮಾರಕಗಳ ವಿಷಯದಲ್ಲಿ ವಿಧಿಸಿತು. ಐತಿಹಾಸಿಕ ವಾಹನಗಳ ರಕ್ಷಣೆಗಾಗಿ ೨೦೧೨ರಲ್ಲಿ ಟ್ಯೂರಿನ್ ಸನ್ನದು ಅಂಗೀಕೃತವಾಯಿತು. ಈ ತತ್ತ್ವದಂತೆ ಕಳಚುವ ಮೊದಲೇ ಅಳತೆಗಳನ್ನೂ ಛಾಯಾಚಿತ್ರಗಳನ್ನೂ ದಾಖಲಿಸಬೇಕು. ಹಳೆಯ ಶೂಗಳನ್ನು ಭದ್ರವಾಗಿ ಮುಚ್ಚಿದ ಪೊಟ್ಟಣದಲ್ಲಿ ಚೀಟಿಯೊಡನೆ ಇರಿಸಬೇಕು. ಹೊಸ ಭಾಗಗಳಿಗೆ ವರ್ಷವನ್ನು ನಮೂದಿಸಬೇಕು.

ಕಾರ್ಖಾನೆಯಿಂದ ಹೊರಬಂದಂತೆಯೇ ಉಳಿದ ಅಪರೂಪದ ವಾಹನವಾದರೆ ಅದನ್ನು ಓಡಿಸುವ ಆಸೆಯನ್ನೇ ಬಿಡುವುದು ಲೇಸು. ರಸ್ತೆಗಿಳಿಸುವುದೇ ನಿಶ್ಚಯವಾದರೆ ಬ್ರೇಕಿನ ವಿಷಯದಲ್ಲಿ ಪ್ರಾಚೀನತೆಯ ಮೋಹ ಸಲ್ಲದು. ಸವಾರನ ಜೀವದಷ್ಟೇ ದಾರಿಹೋಕನ ಜೀವವೂ ಅದನ್ನವಲಂಬಿಸಿದೆ.